ಎರೆಯುವ ಶಾಂತಾಬಾಯಿಯೂ ಇಲ್ಲದ ಇಪ್ಪತ್ತನಾಲ್ಕು ಪದಗಳೂ

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಮೂರು ಓಣಿಗಳಲ್ಲಿ ಕಳೆದ ಇಪ್ಪತ್ತೆಂಟು ವರ್ಷಗಳಲ್ಲಿ ಹುಟ್ಟಿದ ತಲೆಗಳೆಲ್ಲ ಮೊದಲು ಶಾಂತಾಬಾಯಿಯ ಕೈಗೆ ಬಂದು, ಆಮೇಲೆ ಲೋಕದ ಕೈಗೆ ಹೋಗಿವೆ. ಅವಳ ಕಸುಬು ಎರೆಯುವುದು. ಬೆಳಿಗ್ಗೆ ಬಾಣಂತಿಯ ಮನೆಗೆ ಹೋಗಿ, ಬಚ್ಚಲಲ್ಲಿ ಮಣೆ ಹಾಕಿ ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು. ಉದ್ದ ತಲೆಯನ್ನು ಒತ್ತಿ ಗುಂಡಗೆ ಮಾಡುವುದೂ ಚಪ್ಪಟೆ ಮೂಗನ್ನು ಎಳೆದು ನೆಟ್ಟಗೆ ಮಾಡುವುದೂ ಅವಳ ಅಧಿಕಾರಕ್ಕೆ ಸೇರಿದ ವಿಷಯ. ಹಾಗೆ ಅವಳು ರೂಪಿಸಿದ ತಲೆಗಳಲ್ಲಿ ಒಂದು ಈಗ ಬ್ಯಾಂಕಿನಲ್ಲಿದೆ, ಎರಡು ಬಸ್ ಡಿಪೋದಲ್ಲಿವೆ, ಒಂದು ವಾರ್ಡ್ ಚುನಾವಣೆಗೆ ನಿಂತು ಸೋತಿದೆ. ಆಕಾರದ ಹೊಣೆ ತನ್ನದು, ಒಳಗಿನದಕ್ಕೆ ತಾನು ಜವಾಬ್ದಾರಳಲ್ಲ ಎಂಬುದು ಶಾಂತಾಬಾಯಿಯ ನಿಲುವು.

ಈ ಕಸುಬಿಗೆ ಕೈ ಎಷ್ಟು ಬೇಕೋ ಬಾಯಿಯೂ ಅಷ್ಟೇ ಬೇಕು. ಶಾಂತಾಬಾಯಿಯ ಬಾಯಿ ನಿಂತರೆ ಕೈಯೂ ನಿಲ್ಲುತ್ತಿತ್ತು. ಹದಿನೈದು ದಿನದ ಕೂಸಿಗೂ ಅವಳು ಸಮಸ್ತವನ್ನೂ ವಿವರಿಸಿ ಹೇಳುವವಳು. "ಇದು ನಿನ್ನ ಕೈ. ಇದು ಮೊಣಕಾಲು. ಇದು ನಿಮ್ಮಪ್ಪನ ಮೂಗು, ಏನು ಮಾಡಾಕ ಬರ್ತದ, ಬಂದದ, ಇಟ್ಕೋ." ಬಾಣಂತಿಯ ಅತ್ತೆ ಹೊರಗೆ ಕೂತು ಇದನ್ನೆಲ್ಲ ಕೇಳಿ ಹಲ್ಲು ಕಡಿಯುತ್ತಿದ್ದಳು. ಆದರೆ ಇಷ್ಟು ಗಟ್ಟಿಯಾಗಿ ಎರೆಯುವ ಇನ್ನೊಬ್ಬಳು ಊರಲ್ಲಿ ಸಿಗದ ಕಾರಣ ಸುಮ್ಮನಿರುತ್ತಿದ್ದಳು.

ಐವತ್ತಾರನೆಯ ವಯಸ್ಸಿನಲ್ಲಿ ಈ ವೀರ ಮಹಿಳೆಗೆ ಒಂದು ತಲೆಯ ಒಳಗಿನದೇ ಚಿಂತೆಯಾಯಿತು. ಅದು ಅವಳ ಮೊಮ್ಮಗಳು ಸ್ವರೂಪಾಳ ತಲೆ. ಮಗಳು ಪ್ರೇಮಲಾ ಮತ್ತು ಅಳಿಯ ನಾರಾಯಣಖೇಡದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು. ಅಲ್ಲಿ ಇಂದು ಒಂದು ಕಡೆ, ನಾಳೆ ಒಂದು ಕಡೆ. ಹುಡುಗಿ ಒಂದೇ ಕಡೆ ಕೂತು ಓದಲಿ ಎಂದು ಅಜ್ಜಿಯ ಬಳಿ ಬಿಟ್ಟು, ಹತ್ತಿರದ ಒಂದು ಸಣ್ಣ ಖಾಸಗಿ ಶಾಲೆಗೆ ಹಾಕಿದ್ದರು. ಸ್ವರೂಪಾ ಮೂರನೆಯ ತರಗತಿಯಲ್ಲಿ ಕೂತಳು ನಿಜ. ಆದರೆ ಕೂತದ್ದೇ ಬಂತು, ಬಾಯಿ ತೆರೆಯಲಿಲ್ಲ. ಜನವರಿಯಲ್ಲಿ ಅವಳ ಮಾಸ್ತರು ಮಿಲಿಂದ್ ಸರ್ ಅಜ್ಜಿಯನ್ನು ಕರೆಸಿ ತೀರ್ಪು ಹೇಳಿದರು.

"ನೋಡ್ರಿ ಶಾಂತಾಬಾಯಿ, ಪೋರಿ ಒಂದು ಶಬ್ದದ ಅರ್ಥಾನೂ ಹೇಳಾಂಗಿಲ್ಲ. ತಲ್ಯಾಗ ಏನೂ ನಿಲ್ಲವಲ್ದು. ಜೂನ್‌ನಾಗ ಮತ್ತ ಮೂರನೇತ್ಯಾಗೇ ಕುಂದರ್ಲಿ."

"ತಲಿ ಗುಂಡಗ ಅದಲ್ರಿ," ಎಂದಳು ಶಾಂತಾಬಾಯಿ. "ನಾನೇ ಮಾಡೀನಿ."

"ಗುಂಡಗ ಅದರಿ. ಖಾಲಿ ಅದ."

ಇಪ್ಪತ್ತೆಂಟು ವರ್ಷಗಳಲ್ಲಿ ಅವಳ ಕೈಯಿಂದ ಹೋದ ಸರಕನ್ನು ಯಾರೂ ಹೀಗೆ ಹಿಂದಕ್ಕೆ ತಂದು ಕೊಟ್ಟಿರಲಿಲ್ಲ. ಜೂನ್ ಒಳಗೆ ಆ ತಲೆಯಲ್ಲಿ ಏನಿದೆ ಎಂಬುದನ್ನು ಮಿಲಿಂದ್ ಸರ್ ಮುಂದೆ ಸಾಬೀತು ಮಾಡಿ, ಹುಡುಗಿಯನ್ನು ನಾಲ್ಕನೆಯ ತರಗತಿಯಲ್ಲಿ ಕೂರಿಸಲೇಬೇಕೆಂದು ಅವಳು ತೀರ್ಮಾನಿಸಿಕೊಂಡಳು. ಹೇಗೆ ಎಂಬುದಷ್ಟೇ ಗೊತ್ತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಊರಿಗೆ ಗೌತಮಿ ಬಂದಳು. ಗೌತಮಿ ತಾಂಡೂರಿನ ಹುಡುಗಿ. ಹೈದರಾಬಾದಿನಲ್ಲಿ ವಿಜಯೇಂದ್ರ ಎಂಬ ಪ್ರೊಫೆಸರರ ಕೈಕೆಳಗೆ ಮಿದುಳಿನ ಸಂಶೋಧನೆ ಮಾಡುತ್ತಿದ್ದಳು. ಕಡಿಮೆ ಆದಾಯದ ಮನೆಗಳ ಮಕ್ಕಳು ಹೊಸ ಪದವನ್ನು ಹೇಗೆ ಕಲಿಯುತ್ತಾರೆ, ಕಲಿಯುವಾಗ ಮಿದುಳು ಏನು ಮಾಡುತ್ತದೆ ಎಂಬುದು ಅವಳ ವಿಷಯ. ಅದಕ್ಕಾಗಿ ಅವಳ ಬಳಿ ಮೂವತ್ತೆರಡು ತಂತಿಗಳ ಒಂದು ಟೊಪ್ಪಿಗೆ ಇತ್ತು. ಅದನ್ನು ಹಾಕಿಕೊಂಡ ಮಗುವಿನ ಮಿದುಳಿನ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಓಡುತ್ತಿತ್ತು. ತಂತಿಗೆ ತಲೆಯ ಚರ್ಮ ನೇರವಾಗಿ ತಾಕಬೇಕು. ನಡುವೆ ಎಣ್ಣೆ ಬಂದರೆ ಗೆರೆ ಹುಚ್ಚು ಹಿಡಿದಂತೆ ಕುಣಿಯುತ್ತದೆ.

ಮೊದಲು ತಾಂಡೂರಿನಲ್ಲಿ ಶುರುವಾದ ಕೆಲಸ ಅಲ್ಲಿಯೇ ಜಾರಿ ಬಿದ್ದದ್ದು ಈ ಎಣ್ಣೆಯಿಂದ. ತಲೆಯ ಪರೀಕ್ಷೆ ಎಂದು ಕೇಳಿದ ತಾಯಂದಿರು ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ಪರೀಕ್ಷೆಯ ಗೌರವಕ್ಕೆ ತಕ್ಕಂತೆ ಕೊಬ್ಬರಿ ಎಣ್ಣೆ ಸುರಿದು, ಕಿವಿಯ ಹಿಂದೆ ಇಳಿಯುವಷ್ಟು ತಿಕ್ಕಿ ಕಳುಹಿಸಿದರು. ಎಣ್ಣೆ ಹಚ್ಚಬೇಡಿ ಎಂದು ಚೀಟಿ ಕಳುಹಿಸಿದಾಗ, ಮಕ್ಕಳನ್ನು ಹಾಗೆ ಕಳುಹಿಸಿದರೆ ಜನ ಏನಂದಾರು ಎಂದು ಸ್ವಲ್ಪವೇ ಹಚ್ಚಿದರು. ಗೌತಮಿ ತಾನೇ ತೊಳೆಯಹೋದರೆ ಮಕ್ಕಳು ಓಡಿದವು. ಎರಡು ಪಟ್ಟು ದಿನ ಹಿಡಿದು ಅಲ್ಲಿ ನಲವತ್ತು ಮಕ್ಕಳನ್ನು ಮುಗಿಸಿ ಜಹೀರಾಬಾದಿಗೆ ಬಂದವಳು, ಮೊದಲ ದಿನವೇ ಮಕ್ಕಳನ್ನು ಕರೆತರುವ ಆಟೋದ ಅಮರ್‌ನನ್ನು ಕೇಳಿದಳು: ಈ ಊರಿನಲ್ಲಿ ಯಾರ ಕೈಗೆ ತಲೆ ಕೊಟ್ಟರೆ ಮಕ್ಕಳು ಓಡುವುದಿಲ್ಲ?

ಅಮರ್‌ಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ಅವನ ತಲೆಯೂ ಶಾಂತಾಬಾಯಿಯ ಕೆಲಸವೇ.

"ಎಣ್ಣಿ ಹಚ್ಚಾಕಲ್ರಿ," ಎಂದು ಗೌತಮಿ ಶಾಂತಾಬಾಯಿಯ ಮನೆ ಬಾಗಿಲಲ್ಲಿ ನಿಂತು ಬಿಡಿಸಿ ಹೇಳಿದಳು. "ಇದ್ದ ಎಣ್ಣಿ ತೆಗ್ಯಾಕ."

ಮನೆ ಕಟ್ಟುವ ಗೌಂಡಿಗೆ ಕೆಡವುವ ಗುತ್ತಿಗೆ ಕೊಟ್ಟಂತಾಯಿತು. ಶಾಂತಾಬಾಯಿ ಬಾಗಿಲು ಹಾಕುವವಳಿದ್ದಳು. ಅಷ್ಟರಲ್ಲಿ ಅಮರ್ ಟೊಪ್ಪಿಗೆಯ ವಿಷಯ ಎತ್ತಿದ.

"ಅಂದ್ರ ತಲ್ಯಾಗ ಏನದ ಅಂತ ಆ ಟೊಪಿಗಿ ಹೇಳ್ತದೇನು?"

"ಸ್ವಲ್ಪ ಹೇಳ್ತದರಿ."

"ಖಾಲಿ ಇದ್ರ ಖಾಲಿ ಅಂತ, ತುಂಬಿದ್ರ ತುಂಬ್ಯದ ಅಂತ?"

"ಹಾಂಗಲ್ರಿ. ಹೊಸ ಶಬ್ದ ಕೇಳಿದಾಗ ಮಿದುಳು ಹ್ಯಾಂಗ ಕೆಲಸ ಮಾಡ್ತದ ಅಂತ ಗೆರಿ ಬರ್ತಾವ. ಆದ್ರ ಎಲ್ಲಾ ಮಕ್ಕಳ್ದು ಕೂಡಿಸಿ ನೋಡ್ತೀವಿ. ಒಬ್ಬೊಬ್ಬರಿಗೆ ನಂಬರ್ ಕೊಡಾಂಗಿಲ್ಲ."

ಕೊನೆಯ ಎರಡು ಮಾತು ಶಾಂತಾಬಾಯಿಯ ಕಿವಿಗೆ ಬಿದ್ದವು, ಒಳಗೆ ಹೋಗಲಿಲ್ಲ. "ನಾಳಿಂದ ಬರ್ತೀನ್ರಿ ಮೇಡಂ. ನಮ್ಮ ಪೋರಿಗೂ ಒಮ್ಮೆ ಹಾಕಿ ನೋಡಬೇಕು."

ಒಂಬತ್ತು ತುಂಬಿದ ಮಕ್ಕಳಿಗೆ ಮಾತ್ರ ಎಂಬ ನಿಯಮವಿತ್ತು. ಸ್ವರೂಪಾಳಿಗೆ ಒಂಬತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು. ಕಾಯುತ್ತೇನೆ ಎಂದಳು ಶಾಂತಾಬಾಯಿ.

ಪ್ರಯೋಗಾಲಯ ಎಂದು ಗೌತಮಿ ಕರೆಯುತ್ತಿದ್ದುದು ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೆ, ಮುಚ್ಚಿಹೋದ ಟೈಪಿಂಗ್ ಶಾಲೆಯ ಎರಡು ಕೋಣೆಗಳನ್ನು. ಒಂದರಲ್ಲಿ ಟೊಪ್ಪಿಗೆ, ಪರದೆ, ಕುರ್ಚಿ. ಅದರ ಪಕ್ಕ ಬಚ್ಚಲು, ನಡುವೆ ಪ್ಲೈವುಡ್. ಹೊರಗಿನ ಬಸ್ಸುಗಳ ಗದ್ದಲ ಒಳಗೆ ಬರಬಾರದೆಂದು ಗೌತಮಿ ರಸ್ತೆಯ ಕಡೆಯ ಗೋಡೆಗೆಲ್ಲ ಹಳೆಯ ಗಾದಿಗಳನ್ನು ಹೊಡೆಸಿದ್ದಳು. ಒಳಗಿನ ಸದ್ದು ಹೊರಗೆ ಹೋದರೇನು ಎಂಬುದು ವಿಜ್ಞಾನಕ್ಕೆ ಹೊಳೆದಿರಲಿಲ್ಲ.

ಪರೀಕ್ಷೆ ಹೀಗಿತ್ತು. ಗೌತಮಿ ಇಪ್ಪತ್ತನಾಲ್ಕು ಪದಗಳನ್ನು ಕೂತು ಸೃಷ್ಟಿಸಿದ್ದಳು. ಕೇಳಿದರೆ ಕನ್ನಡವೆನಿಸುವ, ಆದರೆ ಯಾವ ಭಾಷೆಯಲ್ಲೂ ಇಲ್ಲದ ಪದಗಳು. ಒಂದೊಂದಕ್ಕೆ ಮೂರು ವಾಕ್ಯ. ಅಜ್ಜ ಲೊಬಣಿ ತೆಗೆದುಕೊಂಡು ಹೊರಗೆ ಹೋದ. ಜೋರು ಗಾಳಿಗೆ ಲೊಬಣಿ ಮಗುಚಿಕೊಂಡಿತು. ಮಳೆ ಬಂದಾಗ ಲೊಬಣಿ ಬಿಚ್ಚಿ ಹಿಡಿದರೆ ತಲೆ ನೆನೆಯುವುದಿಲ್ಲ. ಸ್ಪೀಕರಿನಿಂದ ಮೂರೂ ವಾಕ್ಯ ಕೇಳಿದ ಮೇಲೆ ಲೊಬಣಿ ಎಂದರೆ ಏನೆಂದು ಮಗು ಊಹಿಸಿ ಹೇಳಬೇಕು. ಛತ್ರಿ ಎಂದರೆ ಸರಿ. ಹಾಗೆಯೇ ಕೆಮೂಟೆ ಎಂದರೆ ಸಕ್ಕರೆ, ನಿಪ್ಪುಗ ಎಂದರೆ ಕೀಲಿ, ಮಿರೋಟ ಎಂದರೆ ಟವೆಲ್. ತಾಂಡೂರಿನ ಮಕ್ಕಳು ಸರಾಸರಿ ಇಪ್ಪತ್ತನಾಲ್ಕಕ್ಕೆ ಹತ್ತು ಹೇಳಿದ್ದರು. ಮನೆಯಲ್ಲಿ ಕೇಳಿದ ಪದಗಳ ಸಂಗ್ರಹ ದೊಡ್ಡದಿದ್ದ ಮಕ್ಕಳು ಹೆಚ್ಚು ಹೇಳಿದ್ದರು. ಕಲಿಯುವ ಶಕ್ತಿ ಕಡಿಮೆಯೋ, ಅಥವಾ ಕಲಿಯುವುದಕ್ಕೆ ಆಧಾರವಾಗುವ ಪದಗಳು ಕಡಿಮೆಯೋ ಎಂಬುದೇ ಗೌತಮಿಯ ಪ್ರಶ್ನೆ.

ದಿನಕ್ಕೆ ಮೂರು ಮಕ್ಕಳು. ಒಂದು ಒಳಗೆ ಟೊಪ್ಪಿಗೆ ಹಾಕಿಕೊಂಡು ಕೂತಿರುವಾಗ ಇನ್ನೊಂದು ಬಚ್ಚಲಲ್ಲಿ ಶಾಂತಾಬಾಯಿಯ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿತ್ತು. ಪ್ಲೈವುಡ್ಡಿನ ಆಚೆಯಿಂದ ಅದೇ ಎಪ್ಪತ್ತೆರಡು ವಾಕ್ಯಗಳು, ದಿನಕ್ಕೆ ಮೂರು ಸಲ, ಸ್ಪಷ್ಟವಾದ ಕನ್ನಡದಲ್ಲಿ. ಶಾಂತಾಬಾಯಿ ಶಾಲೆಯ ಮುಖ ನೋಡಿದವಳಲ್ಲ. ಮೊದಲ ವಾರ ಮುಗಿಯುವ ಮೊದಲೇ ಇಪ್ಪತ್ತನಾಲ್ಕೂ ಪದ ಅವಳಿಗೆ ಬಂದಿದ್ದವು.

ಅವು ಇಲ್ಲದ ಪದಗಳೆಂದು ಅವಳಿಗೆ ಸಂಶಯ ಬರಬೇಕಿತ್ತು ಎನ್ನುವವರು ಜಹೀರಾಬಾದಿನಲ್ಲಿ ಒಂದು ದಿನ ತರಕಾರಿ ಕೊಳ್ಳಬೇಕು. ಅಲ್ಲಿ ಒಂದೇ ಗಡ್ಡೆ ಒಂದು ಬುಟ್ಟಿಯಲ್ಲಿ ಉಳ್ಳಾಗಡ್ಡಿ, ಪಕ್ಕದ ಬುಟ್ಟಿಯಲ್ಲಿ ಉಲ್ಲಿಗಡ್ಡ, ಎದುರು ಗಾಡಿಯಲ್ಲಿ ಪ್ಯಾಜ್, ಬೀದರ ಕಡೆಯಿಂದ ಬಂದವರ ಬಾಯಲ್ಲಿ ಕಾಂದಾ. ಕೊಳ್ಳುವವಳು ನಾಲ್ಕರಲ್ಲೂ ಚೌಕಾಸಿ ಮಾಡುತ್ತಾಳೆ. ಒಂದು ವಸ್ತುವಿಗೆ ನಾಲ್ಕು ಹೆಸರು ಇದ್ದ ಮೇಲೆ ಐದನೆಯದು ಬಂದರೆ ಅದನ್ನು ಯಾರೂ ತಡೆದು ಊರು ಯಾವುದೆಂದು ಕೇಳುವುದಿಲ್ಲ. ಇದು ಬೆಂಗಳೂರ ಕಡೆಯ ಶುದ್ಧ ಕನ್ನಡವಿರಬೇಕೆಂದು ಶಾಂತಾಬಾಯಿ ಗೌರವದಿಂದ ಬಳಸತೊಡಗಿದಳು.

"ಕಣ್ಣು ಮುಚ್ಚು, ಸಾಬಾಣ ಹೋಗ್ತದ. ಮಿರೋಟ ಎಲ್ಲಿ ಇಟ್ಟಿ? ಆ ಗೂಟಕ್ಕಿದ್ದ ಮಿರೋಟ ಕೊಡು ಇಲ್ಲಿ. ಮಿರೋಟ ಅಂದ್ರ ತಿಳಿವಲ್ದೇನು, ಮಾರಿ ಒರಸ್ಕೊಳ್ಳೋದು. ಹಾಂ, ಅದು."

ಹದಿನೈದು ನಿಮಿಷದ ತಲೆ ತೊಳೆಯುವಿಕೆಯಲ್ಲಿ ಲೊಬಣಿ, ಕೆಮೂಟೆ, ನಿಪ್ಪುಗ ಎಲ್ಲವೂ ಸುಳಿದುಹೋಗುತ್ತಿದ್ದವು. ಸ್ಪೀಕರಿನ ಪಕ್ಕದಲ್ಲೇ ಕೂತ ಗೌತಮಿಗೆ ಅದು ಬರಿಯ ಗುಜುಗುಜು. ಮಗು ಒದ್ದೆ ತಲೆಯಲ್ಲಿ ಪದಗಳನ್ನು ತುಂಬಿಕೊಂಡು ಒಳಗೆ ಹೋಗಿ, ಅವನ್ನೇ ಸ್ಪೀಕರಿನಿಂದ ಕೇಳಿ, ಗೊತ್ತಿದ್ದದ್ದನ್ನು ಗೊತ್ತಿದೆ ಎಂದು ಹೇಳುತ್ತಿತ್ತು. ಮೊದಲ ವಾರದ ಸರಾಸರಿ ಹತ್ತು. ಎರಡನೆಯ ವಾರ ಹದಿನಾಲ್ಕು. ನಾಲ್ಕನೆಯ ವಾರ ಹದಿನೆಂಟು. ಮಾರ್ಚ್ ಹೊತ್ತಿಗೆ ರಾಯಿಕೋಡಿನಿಂದ ಬಸ್ಸಿನಲ್ಲಿ ಬಂದಿಳಿದು ನೇರವಾಗಿ ಬಚ್ಚಲಿಗೆ ಹೋದ ಮಕ್ಕಳೂ ಇಪ್ಪತ್ತೊಂದು ಹೇಳುತ್ತಿದ್ದವು. ಗೌತಮಿ ಸಂತೋಷದಲ್ಲಿ ನಿದ್ದೆ ಬಿಟ್ಟಳು. ಬಡವರ ಮಕ್ಕಳ ಬಗ್ಗೆ ಜಗತ್ತಿನ ಸಂಶೋಧನೆಗಳೆಲ್ಲ ಒಂದು ಹೇಳುತ್ತಿರುವಾಗ ಜಹೀರಾಬಾದ್ ಇನ್ನೊಂದು ಹೇಳುತ್ತಿತ್ತು. ಅಂಕಿಗಳನ್ನು ಹೈದರಾಬಾದಿಗೆ ಕಳುಹಿಸಿದಳು. ವಿಜಯೇಂದ್ರ ಅವರು ಮರುದಿನವೇ ಹೊರಟು ಬಂದರು.

ಆ ದಿನಕ್ಕೆ ಸ್ವರೂಪಾಳಿಗೆ ಒಂಬತ್ತು ತುಂಬಿ ಮೂರು ದಿನವಾಗಿತ್ತು.

ಪ್ರೊಫೆಸರರು ಮೂಲೆಯಲ್ಲಿ ಕೂತರು. ಸ್ವರೂಪಾ ಟೊಪ್ಪಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಶಾಂತಾಬಾಯಿಗೆ ಒಳಗೆ ಬರಲು ಅನುಮತಿ ಇರಲಿಲ್ಲ. ಬಾಗಿಲಲ್ಲಿ ನಿಲ್ಲಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಇಲ್ಲಿ ಒಂದರ ಹಿಂದೆ ಒಂದು ಹೇಳುತ್ತ ಹೋದಳು. ಛತ್ರಿ. ಸಕ್ಕರಿ. ಕೀಲಿ. ಮೂರನೆಯ ವಾಕ್ಯ ಮುಗಿಯುವವರೆಗೂ ಕಾಯುವ ತಾಳ್ಮೆ ಅವಳಿಗಿರಲಿಲ್ಲ.

"ಇಪ್ಪತ್ತನಾಲ್ಕಕ್ಕ ಇಪ್ಪತ್ತನಾಲ್ಕು," ಎಂದಳು ಶಾಂತಾಬಾಯಿ ಬಾಗಿಲಿನಿಂದ. "ಸರ್, ಇದೊಂದು ಬರ್ದು ಸಿಕ್ಕಾ ಹೊಡ್ದು ಕೊಡ್ರಿ. ಮಾಸ್ತರ್‌ಗ ತೋರ್ಸಬೇಕು."

ವಿಜಯೇಂದ್ರ ಅವರು ಪರದೆಯನ್ನೇ ನೋಡುತ್ತಿದ್ದರು. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಅರ್ಧ ಸೆಕೆಂಡಿನೊಳಗೆ ಗೆರೆಯಲ್ಲಿ ಒಂದು ಹಳ್ಳ ಬೀಳುತ್ತದೆ. ಎರಡನೆಯ ವಾಕ್ಯದಲ್ಲಿ ಹಳ್ಳ ಸಣ್ಣದಾಗುತ್ತದೆ, ಮೂರನೆಯದರಲ್ಲಿ ಇನ್ನೂ ಸಣ್ಣದು. ಮಿದುಳು ಪದವನ್ನು ಹಿಡಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಇಪ್ಪತ್ತನಾಲ್ಕೂ ಪದಗಳ ಗೆರೆಗಳನ್ನು ಕೂಡಿಸಿ ಸರಾಸರಿ ತೆಗೆದಾಗ ಸ್ವರೂಪಾಳ ಗೆರೆಯಲ್ಲಿ ಹಳ್ಳವೇ ಇರಲಿಲ್ಲ.

"ಗೌತಮಿ, ಈ ಮಗು ಏನೂ ಕಲೀತಿಲ್ಲ," ಎಂದರು ಪ್ರೊಫೆಸರರು.

ಬಾಗಿಲಲ್ಲಿ ಶಾಂತಾಬಾಯಿಯ ಮುಖ ಬಿಳುಪೇರಿತು.

"ಕಲಿಯೋ ಅಗತ್ಯ ಇಲ್ಲ ಅದಕ್ಕ," ಎಂದು ಅವರು ಮುಂದುವರಿಸಿದರು. "ಇವೆಲ್ಲಾ ಮೊದಲೇ ಗೊತ್ತದಾವ. ಯಾರೋ ಶಬ್ದಗಳನ್ನ ಹೊರಗ ಬಿಟ್ಟಾರ."

ಗೌತಮಿ ಹಿಂದಿನ ವಾರಗಳ ಗೆರೆಗಳನ್ನು ತೆರೆದಳು. ವಾರ ಕಳೆದಂತೆ ಹಳ್ಳ ತುಂಬುತ್ತ ತುಂಬುತ್ತ ಬಂದಿತ್ತು. ಅಂಕಿಗಳ ಸಂತೋಷದಲ್ಲಿ ಗೆರೆ ನೋಡುವುದನ್ನು ಅವಳು ಮುಂದೂಡಿದ್ದಳು. ಪದಗಳು ಅವಳ ಕಂಪ್ಯೂಟರ್ ಬಿಟ್ಟು ಬೇರೆ ಎಲ್ಲೂ ಇರಲಿಲ್ಲ. ಮಕ್ಕಳ ಜೊತೆ ದಾರಿಯಲ್ಲಿ ಇರುವವನು ಅಮರ್ ಒಬ್ಬನೇ.

"ಆ ಪೋರನ ಮ್ಯಾಲ ನಂಗೂ ಮೊದಲಿಂದ ಸಂಶಯ ಅದ," ಎಂದಳು ಶಾಂತಾಬಾಯಿ ತಕ್ಷಣ. "ಬಾಯಿ ಭಾಳ ಸಡ್ಲ."

ಅಮರ್‌ನನ್ನು ಕೆಳಗಿನಿಂದ ಕರೆಸಿದರು. ಮಕ್ಕಳಿಗೆ ನೀನೇನಾದರೂ ಪದಗಳನ್ನು ಹೇಳಿಕೊಟ್ಟೆಯಾ ಎಂದು ಗೌತಮಿ ಕೇಳಿದಳು. ಕೆಮೂಟೆ ಎಂದರೆ ಗೊತ್ತೇ ಎಂದು ಪ್ರೊಫೆಸರರು ಕೇಳಿದರು.

"ಗೊತ್ತದಲ್ರಿ ಸರ್, ಸಕ್ಕರಿ. ನಂಗ ಶುಗರ್ ಅದ. ನಿನ್ನೆ ಹೋಟೆಲ್‌ನಾಗ ಚಹಾಕ್ಕ ಕೆಮೂಟೆ ಕಮ್ಮಿ ಹಾಕು ಅಂದೆ. ಕಮ್ಮಿನೇ ಹಾಕಿ ಕೊಟ್ಟ."

ಪದಗಳು ಹೋಟೆಲ್ ತಲುಪಿದ್ದವು.

ವಿಜಯೇಂದ್ರ ಅವರು ಕುರ್ಚಿಯಲ್ಲಿದ್ದ ಹುಡುಗಿಯ ಕಡೆ ತಿರುಗಿದರು. "ಮಗಾ, ನಿಪ್ಪುಗ ಅಂದ್ರ ಏನಂತ ಯಾರು ಕಲಿಸಿದ್ರು ನಿನಗ?"

"ಯಾರೂ ಕಲಿಸಿಲ್ರಿ," ಎಂದಳು ಸ್ವರೂಪಾ. "ನಮ್ಮ ಮನೀ ಬಾಗಲಕ್ಕ ಅದಲ್ರಿ. ಆಯಿ ದಿನಾ ಹಾಕ್ತಾಳ."

ಎಲ್ಲರೂ ಬಾಗಿಲ ಕಡೆ ನೋಡಿದರು. ಆಯಿ ಬಾಗಿಲಲ್ಲಿ ಮಿರೋಟ ಹಿಡಿದು ನಿಂತಿದ್ದಳು.

ಗೌತಮಿ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಶಾಂತಾಬಾಯಿಗೆ ಅನುಕೂಲವಾಗುತ್ತಿತ್ತು. ಮೆಲ್ಲಗೆ ಕೂರಿಸಿ ಹೇಳಿದಳು: ಆ ಪದಗಳು ಇಲ್ಲ. ಅವನ್ನು ತಾನೇ ಮಾಡಿದ್ದು. ಮಕ್ಕಳಿಗೆ ಮೊದಲೇ ಗೊತ್ತಿರಬಾರದೆಂದೇ ಮಾಡಿದ್ದು.

"ಇಲ್ಲ ಅಂದ್ರ?"

"ಯಾವ ಭಾಷಾದಾಗೂ ಇಲ್ರಿ."

ಶಾಂತಾಬಾಯಿ ಯೋಚಿಸಿದಳು. "ಲೊಬಣಿ ತಗೊಂಬಾ ಅಂದ್ರ ಈ ಪೋರಿ ಛತ್ರಿ ತಗೊಂಬರ್ತಾಳ. ಇಲ್ಲದ್ದು ಅಂದ್ರ ಹ್ಯಾಂಗ ಬರ್ತಿತ್ತು?"

ಪ್ರೊಫೆಸರರ ಹೆಸರಿನಲ್ಲಿ ಮೂವತ್ತು ಪ್ರಬಂಧಗಳಿದ್ದವು. ಈ ಪ್ರಶ್ನೆಯನ್ನು ಅವರು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು.

"ಎರಡು ತಿಂಗಳು ಮಂದಿ ಮುಂದ ನನ್ನ ಬಾಯಾಗ ಇಲ್ಲದ ಮಾತು ಹಾಕಿ ಆಡ್ಸೀರಿ," ಎಂದು ಅವಳು ಮುಂದುವರಿಸಿದಳು. "ಬ್ಯಾಂಕಿನ ಸಾಹೇಬನ ಹೆಂಡತಿ ಮುಂದನೂ ಅಂದೀನಿ. ಆಕಿ ಹೂಂ ಅಂದಾಳ."

ಆಮೇಲೆ ಅವಳಿಗೆ ಮುಖ್ಯವಾದದ್ದು ನೆನಪಾಯಿತು. "ಹಾಂಗಾದ್ರ ಪೋರಿ ಇಪ್ಪತ್ತನಾಲ್ಕು?"

"ಲೆಕ್ಕಕ್ಕ ಹಿಡ್ಯಾಕ ಬರಾಂಗಿಲ್ರಿ," ಎಂದಳು ಗೌತಮಿ. "ನೂರರ ಮ್ಯಾಲ ಮಕ್ಕಳ್ದು ಹೋತು. ಎಲ್ಲಾರಕಿಂತ ಮೊದಲ ಸ್ವರೂಪಾಂದು ಹೋತು. ನಿಮ್ಮ ಜೊತಿ ಇರೋದು ಆಕಿನೇ ಅಲ್ರಿ."

ಜಹೀರಾಬಾದಿನ ಮೂರು ಓಣಿಗಳ ತಲೆಗಳಿಗೆಲ್ಲ ಪದ ತುಂಬಿದ ಮಹಿಳೆ, ತಾನು ತುಂಬಬೇಕೆಂದಿದ್ದ ಒಂದು ತಲೆಯ ಕಾಗದವನ್ನೇ ಹೀಗೆ ತೊಳೆದು ಹಾಕಿದ್ದಳು.

ಅವಳನ್ನು ಕೆಲಸದಿಂದ ತೆಗೆಯಲು ಆಗಲಿಲ್ಲ. ತೆಗೆದರೆ ತಾಯಂದಿರು ಮಕ್ಕಳನ್ನು ಕಳುಹಿಸುತ್ತಿರಲಿಲ್ಲ. ಗೌತಮಿ ಹದಿನೈದು ದಿನ ಕೂತು ಹೊಸ ಇಪ್ಪತ್ತನಾಲ್ಕು ಪದಗಳನ್ನು ಮಾಡಿದಳು. ಅವಳ ಪ್ರಬಂಧ ಅರ್ಧ ವರ್ಷ ಹಿಂದೆ ಬಿತ್ತು. ಪ್ಲೈವುಡ್ಡಿಗೂ ಗಾದಿ ಬಂತು. ಹೊಸ ಪದಗಳನ್ನು ಕೇಳದಂತೆ ಬಚ್ಚಲ ಬಾಗಿಲಲ್ಲಿ ಒಂದು ಹಳೆಯ ಕೂಲರನ್ನು ಓಡಿಸಿದರು. ವಿಜಯೇಂದ್ರ ಅವರಿಗೆ ಬೇರೆ ಆಸೆ ಹುಟ್ಟಿತ್ತು. ಗೋಡೆಯ ಆಚೆಯಿಂದ ಇಪ್ಪತ್ತನಾಲ್ಕೂ ಪದ ಕಲಿತ ಮಿದುಳಿಗೆ ಒಮ್ಮೆ ಟೊಪ್ಪಿಗೆ ಹಾಕಿ ನೋಡಬೇಕೆಂದು ಕೇಳಿದರು.

"ಎಲ್ಲಾರ ತಲಿ ನಾ ಹಿಡಿತೀನಿ," ಎಂದಳು ಶಾಂತಾಬಾಯಿ. "ನನ್ನ ತಲಿ ಯಾರ ಕೈಗೂ ಕೊಡಾಂಗಿಲ್ರಿ."

ಹೋಗುವಾಗ ಪ್ರೊಫೆಸರರು ಗೌತಮಿಗೆ ಒಂದು ಮಾತು ಹೇಳಿ ಹೋದರು. ನಿನ್ನ ಸ್ಪೀಕರ್ ಮೂರು ವಾಕ್ಯದಲ್ಲಿ ಹತ್ತು ಪದ ಕಲಿಸಿತು. ಈಕೆ ಸಾಬೂನು ಹಚ್ಚುತ್ತ ಇಪ್ಪತ್ತೊಂದು ಕಲಿಸಿದಳು. ಮುಂದಿನ ಸಂಶೋಧನೆಗೆ ವಿಷಯ ಹುಡುಕಬೇಕಾಗಿಲ್ಲ.

ಶಾಂತಾಬಾಯಿಗೆ ಹಾಕಿದ ಷರತ್ತು ಒಂದೇ: 'ತಲೆ ತೊಳೆಯುವಾಗ ಮಾತನಾಡಬಾರದು.' ಒಪ್ಪಿದರೆ ಹೊಸ ಪದಗಳಲ್ಲಿ ಸ್ವರೂಪಾಳಿಗೆ ಇನ್ನೊಂದು ಸಲ ಅವಕಾಶ. ಅವಳು ಒಪ್ಪಿದಳು. ಮುನಿಗಳು ಕಾಡಿಗೆ ಹೋಗಿ ಮೌನ ಹಿಡಿದರು, ಅದೇನು ದೊಡ್ಡದು, ಕಾಡಿನಲ್ಲಿ ಕೇಳುವವರು ಯಾರಿದ್ದರು. ಶಾಂತಾಬಾಯಿ ಎದುರಿಗೆ ತಲೆ ಇಟ್ಟುಕೊಂಡು ಮೌನ ಹಿಡಿದಳು. ಮೊದಲ ದಿನ ಕೈ ನಡೆಯಲಿಲ್ಲ. ಒಂದು ಹುಡುಗನ ಒಂದೇ ಕಿವಿಯನ್ನು ಮೂರು ಸಲ ತೊಳೆದಳು. ಎರಡನೆಯ ದಿನ ನಾಗಲಗಿದ್ದದಿಂದ ಬಂದ ಹುಡುಗಿ ಅವಳ ಮುಖ ನೋಡಿ ಅಳತೊಡಗಿದಳು. ಆ ಹುಡುಗಿಯ ತಾಯಿ ಗೌತಮಿಯನ್ನು ಪಕ್ಕಕ್ಕೆ ಕರೆದು, ಶಾಂತಾಬಾಯಿಯವರ ಮನೆಯಲ್ಲಿ ಯಾರಾದರೂ ತೀರಿಹೋದರೇ ಎಂದು ಕೇಳಿದಳು. ಸರಾಸರಿ ಮತ್ತೆ ಹತ್ತಕ್ಕೆ ಇಳಿದು ಅಲ್ಲಿಯೇ ನಿಂತಿತು.

ಏಪ್ರಿಲ್ ಎರಡನೆಯ ವಾರ ಸ್ವರೂಪಾಳ ಸರದಿ ಬಂತು. ಶಾಂತಾಬಾಯಿ ಮೊಮ್ಮಗಳ ತಲೆಗೆ ನೀರು ಹುಯ್ದಳು. ಆ ತಲೆ ಅವಳ ಕಾಲ ಮೇಲೆ ಮಲಗಿದ ಮೊದಲ ದಿನದಿಂದ ಅದಕ್ಕೆ ಮಾತಿಲ್ಲದೆ ನೀರು ಬಿದ್ದಿರಲಿಲ್ಲ.

"ಆಯಿ, ಸಿಟ್ಟಾಗೀ ಏನು?"

ಅಜ್ಜಿ ತಲೆ ಅಲ್ಲಾಡಿಸಿದಳು. ಕಣ್ಣು ಮುಚ್ಚಿದ್ದ ಹುಡುಗಿಗೆ ಅದು ಕಾಣಲಿಲ್ಲ. ಸಿಟ್ಟಾಗಿದ್ದಾಳೆಂದೇ ತಿಳಿದು ಒಳಗೆ ಹೋದಳು.

ಮುಕ್ಕಾಲು ಗಂಟೆಯ ಮೇಲೆ ಗೌತಮಿ ಹೊರಗೆ ಬಂದಳು. "ಹನ್ನೊಂದು ರೀ."

"ಇಪ್ಪತ್ತನಾಲ್ಕಕ್ಕ?"

"ಇಪ್ಪತ್ತನಾಲ್ಕಕ್ಕ."

"ನಾ ಬಾಯಿ ಮುಚ್ಕೊಂಡಿದ್ದಕ್ಕ ಹನ್ನೊಂದೇನು?"

"ಶಾಂತಾಬಾಯ್ರಿ, ಉಳಿದ ಮಕ್ಕಳ್ದು ಹತ್ತು. ಈಕಿದು ಹನ್ನೊಂದು. ಗೆರಿನೂ ನೋಡೀನಿ. ಹೊಸ ಶಬ್ದಕ್ಕ ಹಳ್ಳ ಬೀಳ್ತದ, ಮೂರನೇ ಸಲಕ್ಕ ತುಂಬ್ತದ. ಎಲ್ಲಾ ಮಕ್ಕಳ ಹಾಂಗ."

ಎಲ್ಲಾ ಮಕ್ಕಳ ಹಾಗೆ ಎಂಬುದನ್ನು ಅವಮಾನವೆಂದು ತಿಳಿಯಬೇಕೋ ಬೇಡವೋ ಎಂದು ಶಾಂತಾಬಾಯಿ ಸ್ವಲ್ಪ ಹೊತ್ತು ನಿಂತಳು. ಮೊದಲ ಬಹುಮಾನಕ್ಕೆ ಹೊರಟವಳ ಕೈಗೆ ಸಾಧಾರಣ ಎಂಬ ಮಾತು ಬಂದಿತ್ತು. ಆಮೇಲೆ ಆ ಮಾತನ್ನು ಮಿಲಿಂದ್ ಸರ್ ಹೇಳಿದ ಮಾತಿನ ಪಕ್ಕದಲ್ಲಿ ಇಟ್ಟು ನೋಡಿದಳು.

"ಅಂದ್ರ ಖಾಲಿ ಇಲ್ಲ."

"ಖಾಲಿ ಇಲ್ರಿ."

"ಬರ್ದು ಕೊಡ್ರಿ."

"ಒಬ್ಬೊಬ್ಬರಿಗೆ ಬರ್ದು ಕೊಡಾಂಗಿಲ್ರಿ. ನಿಯಮ ಅದ."

"ಬಾಯಿಲೆ ಹೇಳ್ಯೀರಲ್ಲ ನಂಗ. ಅದೇ ಬಾಯಿ ತಗೊಂಡು ಸಾಲಿಗೆ ಬರ್ರಿ."

ಪೋಷಕರು ಕೇಳಿಕೊಂಡರೆ ಮಾಸ್ತರರ ಜೊತೆ ಮಾತನಾಡಬಾರದೆಂದು ನಿಯಮದಲ್ಲಿ ಇರಲಿಲ್ಲ. ಗೌತಮಿ ಅಜ್ಜಿ ಮೊಮ್ಮಗಳ ಜೊತೆ ಹೋದಳು. ಶಾಲೆಗೆ ರಜೆ ಬೀಳಲು ನಾಲ್ಕು ದಿನವಿತ್ತು. ಮಿಲಿಂದ್ ಸರ್ ಉತ್ತರಪತ್ರಿಕೆಗಳ ನಡುವೆ ಕೂತಿದ್ದರು. ಗೌತಮಿ ಹೇಳಿದ್ದನ್ನೆಲ್ಲ ಮರ್ಯಾದೆಯಿಂದ ಕೇಳಿ, ಹುಡುಗಿಯನ್ನು ನೋಡಿದರು.

"ಹಾಂಗಾದ್ರ ನನ್ನ ಕ್ಲಾಸಿನಾಗ ಬಾಯಿ ಯಾಕ ಬಿಡಾಂಗಿಲ್ರಿ?"

"ಶಬ್ದದ ಅರ್ಥ ಹ್ಯಾಂಗ ಕೇಳ್ತೀರಿ ಸರ್?"

"ಇಂಗ್ಲಿಷ್ ಶಬ್ದ ಹೇಳ್ತೀನಿ, ತೆಲುಗಿನಾಗ ಅರ್ಥ ಹೇಳಬೇಕು. ಎಲ್ಲಾ ಮಕ್ಕಳಿಗೂ ಹಾಂಗೇ."

"ಈಕಿ ಮನ್ಯಾಗ ಕನ್ನಡ. ತೆಲುಗು ಕಲ್ತದ್ದು ಸಾಲ್ಯಾಗೇ. ಹೊಸ ಶಬ್ದ ಹಿಡ್ಯಾಕ ಕೈಯಾಗ ಹಳೇ ಶಬ್ದ ಬೇಕಲ್ರಿ. ಒಮ್ಮೆ ಕನ್ನಡದಾಗ ಕೇಳಿ ನೋಡ್ರಿ."

ಮಿಲಿಂದ್ ಸರ್ ಮನೆಯಲ್ಲಿ ತಾಯಿಯ ಜೊತೆ ಆಡುವುದು ಕನ್ನಡವೇ. ಶಾಲೆಯ ಗೇಟಿನೊಳಗೆ ಅದನ್ನು ಮಕ್ಕಳೊಂದಿಗೆ ಆಡಬಾರದೆಂದು ಶಿಸ್ತು ಇಟ್ಟುಕೊಂಡಿದ್ದರು. ಈಗ ಗೇಟಿನೊಳಗೇ ಕೂತು, ಮೂರನೆಯ ತರಗತಿಯ ಪುಸ್ತಕ ತೆರೆದು, ಹತ್ತು ಪದ ಕೇಳಿದರು.

"ನೀಡಲ್ ಅಂದ್ರ?"

"ಸೂಜಿ ರೀ."

"ಬ್ರಿಡ್ಜ್?"

"ಪೂಲ."

"ನೇಬರ್?"

ಸ್ವರೂಪಾ ಅಜ್ಜಿಯ ಕಡೆ ನೋಡಿದಳು. ಶಾಂತಾಬಾಯಿ ಬಾಯಿ ತೆರೆದಳು. ಗೌತಮಿ ಅವಳ ಕೈ ಹಿಡಿದಳು. ಶಾಂತಾಬಾಯಿ ಬಾಯಿ ಮುಚ್ಚಿದಳು.

ಹತ್ತಕ್ಕೆ ಏಳು. ಮಿಲಿಂದ್ ಸರ್ ಪುಸ್ತಕ ಮುಚ್ಚಿ, ಅಷ್ಟೇನೂ ಸಂತೋಷವಿಲ್ಲದೆ, ಪಟ್ಟಿಯಲ್ಲಿ ಸ್ವರೂಪಾಳ ಹೆಸರಿನ ಮುಂದೆ ಇದ್ದ 'ಮತ್ತೆ ಮೂರನೆಯದು' ಎಂಬುದನ್ನು ಹೊಡೆದು ಹಾಕಿದರು. "ದಸರಾ ತನಕ ನಾಲ್ಕನೇತ್ಯಾಗ ಕುಂದರ್ಲಿ. ಆಮ್ಯಾಲ ನೋಡೋಣ."

"ಆತ್ರಿ," ಎಂದಳು ಶಾಂತಾಬಾಯಿ. ಅದು ಅವಳ ಜೀವನದ ಅತ್ಯಂತ ಚಿಕ್ಕ ಮಾತಿರಬೇಕು.

ಜೂನ್ ಹದಿಮೂರಕ್ಕೆ ಶಾಲೆ ತೆರೆಯಿತು. ನಾಲ್ಕನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಸ್ವರೂಪಾ ಕೂತಳು. ಆ ವರ್ಷ ನಾಲ್ಕನೆಯದಕ್ಕೂ ಮಿಲಿಂದ್ ಸರ್ ಅವರೇ. ಅವರು ಹೊಸ ಪಾಠದ ಮೊದಲ ಪದವನ್ನು ಹಲಗೆಯ ಮೇಲೆ ಬರೆದು ಇಂಗ್ಲಿಷಿನಲ್ಲಿ ಓದಿದರು, ತೆಲುಗಿನಲ್ಲಿ ಕೇಳಿದರು. ಆಮೇಲೆ ದನಿ ತಗ್ಗಿಸಿ, ಎರಡನೆಯ ಬೆಂಚಿನ ಕಡೆ ನೋಡಿ, ಕನ್ನಡದಲ್ಲೂ ಕೇಳಿದರು. ಹುಡುಗಿ ಎದ್ದು ನಿಂತಳು. ಅಷ್ಟರಲ್ಲಿ ಅವರಿಗೆ ಕಿಟಕಿಯ ಸರಳುಗಳ ಆಚೆ ಶಾಂತಾಬಾಯಿಯ ಮುಖ ಕಂಡಿತು. ಹೋಗಿ ಕಿಟಕಿ ಹಾಕಿದರು. ಅವಳು ಪಕ್ಕದ ಕಿಟಕಿಗೆ ಹೋದಳು.